ಕಬ್ಬಿಣದ ಎಂಜಿನ್ನಿಗೆ ಅಲ್ಯೂಮಿನಿಯಂ ಬಂದದ್ದು ಹೇಗೆ?

ಹೊಸ ಕಾರು ನೋಡಲು ಹೋದರೆ ಶೋರೂಮಿನವರು ‘ಫುಲ್ ಅಲ್ಯೂಮಿನಿಯಂ ಎಂಜಿನ್ ಸಾರ್’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅದೇ ಕಾರು ಬೇಸಿಗೆಯಲ್ಲಿ ಹೀಟ್ ಆಗಿ ರಸ್ತೆಯಲ್ಲೇ ನಿಂತರೆ ಮೆಕ್ಯಾನಿಕ್ ಬಂದು ‘ಅಲ್ಯೂಮಿನಿಯಂ ಹೆಡ್ ಅಲ್ವಾ, ಬೆಂಡ್ ಆಗಿದೆ’ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಹಗುರ ಲೋಹದ ಈ ಎರಡು ಮುಖಗಳು ಹೊಸದಾಗಿ ಕಂಡದ್ದಲ್ಲ. ಮೋಟಾರು ಕಾರು ಇನ್ನೂ ಕೂಸಾಗಿದ್ದ ಕಾಲದಲ್ಲೇ, ಅಂದರೆ 1900ರ ಆಸುಪಾಸಿನಲ್ಲೇ, ಎಂಜಿನ್ ಮಾಡುವವರು ಇವೆರಡನ್ನೂ ಎದುರಿಸಿದ್ದರು.

ಅಲ್ಯೂಮಿನಿಯಂ ಒಂದೇ ಏಟಿಗೆ ಕಬ್ಬಿಣವನ್ನು ಓಡಿಸಿ ಎಂಜಿನ್ನಿನಲ್ಲಿ ಕೂರಲಿಲ್ಲ. ಒಂದೊಂದೇ ಭಾಗವಾಗಿ ಒಳಗೆ ಬಂತು. ಬಿಸಿಯೂ ಉಜ್ಜಾಟವೂ ಕಡಿಮೆ ಇರುವ ಜಾಗಕ್ಕೆ ಮೊದಲು, ತೀರಾ ಕಷ್ಟದ ಜಾಗಕ್ಕೆ ಕೊನೆಗೆ. ಪ್ರತಿ ಹೆಜ್ಜೆಗೂ ಫೌಂಡ್ರಿಯವರು ಒಂದೊಂದು ತೊಡಕು ಬಿಡಿಸಬೇಕಾಯಿತು.

## ಎಂಜಿನ್ನಿನ ಯಾವ ಭಾಗಕ್ಕೆ ಯಾವ ಕಷ್ಟ

ಮೊದಲು ಭಾಗಗಳನ್ನು ಗುರುತು ಮಾಡಿಕೊಳ್ಳೋಣ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಉರಿಯುವ ಕೊಳವೆಯೇ ಸಿಲಿಂಡರ್. ಅದರೊಳಗೆ ಮೇಲೆ ಕೆಳಗೆ ಓಡಾಡುವುದು ಪಿಸ್ಟನ್. ಸಿಲಿಂಡರಿನ ಮೇಲಿನ ಮುಚ್ಚಳ ಹೆಡ್. ಪಿಸ್ಟನ್ನಿನ ಓಡಾಟವನ್ನು ತಿರುಗಾಟವಾಗಿ ಬದಲಿಸುವ ದಂಡ ಕ್ರ್ಯಾಂಕ್. ಆ ದಂಡವನ್ನು ಹೊತ್ತು, ಎಣ್ಣೆಯನ್ನೂ ಹಿಡಿದಿಟ್ಟುಕೊಳ್ಳುವ ಕೆಳಗಿನ ಪೆಟ್ಟಿಗೆಯೇ ಕ್ರ್ಯಾಂಕ್‌ಕೇಸ್.

ಹೆಡ್ಡಿಗೆ ನೇರ ಬೆಂಕಿಯ ಝಳ. ಪಿಸ್ಟನ್ನಿಗೆ ಬೆಂಕಿಯ ಜೊತೆ ಬಿಡುವಿಲ್ಲದ ಓಟ. ಸಿಲಿಂಡರಿಗೆ ಬೆಂಕಿ, ಒತ್ತಡ, ಉಜ್ಜಾಟ ಮೂರೂ. ಕ್ರ್ಯಾಂಕ್‌ಕೇಸ್ ಮಾತ್ರ ಸ್ವಲ್ಪ ಆರಾಮ. ಭಾರ ಹೊರಬೇಕು, ನಡುಗಬಾರದು, ಅಷ್ಟೇ.

ಇವುಗಳಲ್ಲಿ ಹೆಚ್ಚಿನವನ್ನು ಎರಕ ಹೊಯ್ದು ಮಾಡುತ್ತಾರೆ. ಎರಕ ಎಂದರೆ ಲೋಹವನ್ನು ಕರಗಿಸಿ ಅಚ್ಚಿಗೆ ಸುರಿದು, ತಣಿದ ಮೇಲೆ ಅಚ್ಚು ಒಡೆದು ಹೊರತೆಗೆಯುವುದು. ಒಳಗೆ ನೀರಿನ ದಾರಿ, ಎಣ್ಣೆಯ ದಾರಿ, ಬೋಲ್ಟಿನ ಗುಬ್ಬಿಗಳು ಎಲ್ಲ ಇರುವ ಡೊಂಕು ಡೊಂಕಾದ ಆಕಾರವನ್ನು ಕಡಿದು ಕೆತ್ತಿ ಮಾಡಲು ಹೋದರೆ ಮುಗಿಯುವುದೇ ಇಲ್ಲ.

## ಕಬ್ಬಿಣಕ್ಕೆ ಏನಾಗಿತ್ತು?

ನಿಜ ಹೇಳಬೇಕೆಂದರೆ ಏನೂ ಆಗಿರಲಿಲ್ಲ. ಎರಕದ ಕಬ್ಬಿಣ, ನಮ್ಮಲ್ಲಿ ಬೀಡು ಎನ್ನುತ್ತಾರಲ್ಲ, ಅದು ಎಂಜಿನ್ನಿಗೆ ಹೇಳಿ ಮಾಡಿಸಿದಂತಹ ಲೋಹ. ಅಗ್ಗ. ಕರಗಿದಾಗ ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ. ಅದರೊಳಗೆ ಇಂಗಾಲ ಗ್ರಾಫೈಟ್ ಪದರಗಳಾಗಿ ಕೂತಿರುತ್ತದೆ. ಈ ಗ್ರಾಫೈಟ್ ಜಾರುಗುಣ ಕೊಡುವುದರಿಂದ ಪಿಸ್ಟನ್ ಸುತ್ತ ಕೂರುವ ರಿಂಗು ಲಕ್ಷಾಂತರ ಸಲ ಉಜ್ಜಿದರೂ ಸಿಲಿಂಡರು ಬೇಗ ಸವೆಯುವುದಿಲ್ಲ. ನಡುಕವನ್ನೂ ಬೀಡು ಚೆನ್ನಾಗಿ ಹೀರಿಕೊಳ್ಳುತ್ತದೆ.

ತೊಂದರೆ ಒಂದೇ, ತೂಕ. ಒಂದು ಲೀಟರ್ ಗಾತ್ರದ ಬೀಡು ಸುಮಾರು 7.2 ಕಿಲೋ ತೂಗುತ್ತದೆ. ಅಷ್ಟೇ ಗಾತ್ರದ ಅಲ್ಯೂಮಿನಿಯಂ 2.7 ಕಿಲೋ. ಅಲ್ಯೂಮಿನಿಯಂ ಅಷ್ಟು ಬಿಗಿಯಾದ ಲೋಹವಲ್ಲವಾದ್ದರಿಂದ ಗೋಡೆಗಳನ್ನು ದಪ್ಪ ಮಾಡಬೇಕಾಗುತ್ತದೆ. ಹಾಗಾಗಿ ತೂಕ ಮೂರನೇ ಒಂದು ಪಾಲಿಗೆ ಇಳಿಯುವುದಿಲ್ಲ. ಆದರೂ ಉಳಿತಾಯ ದೊಡ್ಡದೇ.

ಆ ಕಾಲದ ಕಾರುಗಳಿಗೆ ಈ ಉಳಿತಾಯ ತುಂಬಾ ಬೇಕಿತ್ತು. ರಸ್ತೆ ಕೆಟ್ಟದ್ದು, ಟೈರು ದುರ್ಬಲ, ಬ್ರೇಕು ಇನ್ನೂ ದುರ್ಬಲ. ಮುಂದೆ ಭಾರದ ಎಂಜಿನ್ ಕೂರಿಸಿದರೆ ತಿರುವಿನಲ್ಲಿ ಗಾಡಿ ಹತೋಟಿ ತಪ್ಪುತ್ತಿತ್ತು.

## ಬೆಳ್ಳಿಯ ಬೆಲೆಯಿಂದ ಫೌಂಡ್ರಿಯ ಮೂಸೆಗೆ

1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಸುಮಾರು 2.8 ಕಿಲೋ ತೂಕದ ಅಲ್ಯೂಮಿನಿಯಂ ಮೊನೆ ಕೂರಿಸಿದರು. ಆಗ ಆ ಲೋಹಕ್ಕೆ ಹೆಚ್ಚುಕಡಿಮೆ ಬೆಳ್ಳಿಯ ಬೆಲೆ. ಅಷ್ಟು ದುಬಾರಿ ಲೋಹದಲ್ಲಿ ಎಂಜಿನ್ ಮಾಡುವ ಮಾತೇ ಇರಲಿಲ್ಲ.

ಎರಡೇ ವರ್ಷದಲ್ಲಿ ಪರಿಸ್ಥಿತಿ ಬದಲಾಯಿತು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ದಾರಿ ಕಂಡುಹಿಡಿದರು. ಇಬ್ಬರೂ 1863ರಲ್ಲಿ ಹುಟ್ಟಿದವರು. ಅಲ್ಯೂಮಿನವನ್ನು ಕರಗಿದ ಕ್ರಯೋಲೈಟ್ ಎಂಬ ಲವಣದಲ್ಲಿ ಬೆರೆಸಿ, ಅದರ ಮೂಲಕ ವಿದ್ಯುತ್ ಹಾಯಿಸಿದರೆ ಲೋಹ ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ. ಅಲ್ಯೂಮಿನ ಎಂದರೆ ಬಾಕ್ಸೈಟ್ ಅದಿರಿನಿಂದ ತೆಗೆದ ಬಿಳಿ ಪುಡಿ. ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲಿ ಇವತ್ತಿಗೂ ತಯಾರಾಗುವುದು ಇದೇ ಪುಡಿ. ಈ ವಿಧಾನಕ್ಕೆ ವಿಪರೀತ ವಿದ್ಯುತ್ ಬೇಕು. ಹಾಗಾಗಿಯೇ ಹಾಲ್ ಅವರ ಕಂಪನಿ 1895ರಲ್ಲಿ ನಯಾಗರ ಜಲಪಾತದ ವಿದ್ಯುತ್ ಹುಡುಕಿಕೊಂಡು ಹೋಯಿತು. ಬೆಲೆ ಇಳಿಯಿತು. ಮೋಟಾರು ಕಾರು ರಸ್ತೆಗೆ ಬಂದ ಹೊತ್ತಿಗೆ ಅಲ್ಯೂಮಿನಿಯಂ ಕೂಡ ಕೈಗೆಟುಕುವಂತಾಗಿತ್ತು.

## 1901, ನೀಸ್: ಮೊದಲು ಕ್ರ್ಯಾಂಕ್‌ಕೇಸ್

1900ರ ಮಾರ್ಚ್‌ನಲ್ಲಿ ಫ್ರಾನ್ಸಿನ ನೀಸ್ ಬಳಿ ಲಾ ತುರ್ಬಿ ಗುಡ್ಡದ ರೇಸಿನಲ್ಲಿ ಡೈಮ್ಲರ್ ಕಂಪನಿಯ ಫೀನಿಕ್ಸ್ ಕಾರು ಅಪಘಾತಕ್ಕೀಡಾಗಿ ಚಾಲಕ ವಿಲ್ಹೆಲ್ಮ್ ಬಾವರ್ ಸತ್ತರು. ಆ ಕಾರು ಎತ್ತರವಾಗಿತ್ತು, ಮುಂಭಾಗ ಭಾರವಾಗಿತ್ತು. ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ ಎಮಿಲ್ ಯೆಲಿನೆಕ್ ಕಂಪನಿಯ ಬೆನ್ನು ಬಿದ್ದರು. ಉದ್ದ ಜಾಸ್ತಿ ಮಾಡಿ, ಎತ್ತರ ಇಳಿಸಿ, ತೂಕ ಕಡಿಮೆ ಮಾಡಿ ಎಂದು ಒತ್ತಾಯಿಸಿದರು.

ಎಂಜಿನಿಯರ್ ವಿಲ್ಹೆಲ್ಮ್ ಮೈಬಾಖ್ ಕೆಲವೇ ತಿಂಗಳಲ್ಲಿ ಹೊಸ ಕಾರು ತಯಾರಿಸಿದರು. ಅದಕ್ಕೆ ಯೆಲಿನೆಕ್ ತಮ್ಮ ಮಗಳ ಹೆಸರಿಟ್ಟರು: ಮರ್ಸಿಡಿಸ್. ನಾಲ್ಕು ಸಿಲಿಂಡರು, ಸುಮಾರು 5.9 ಲೀಟರ್, 35 ಅಶ್ವಶಕ್ತಿ. ಸಿಲಿಂಡರುಗಳು ಬೀಡಿನವೇ, ಎರಡೆರಡು ಜೋಡಿಸಿ ಎರಕ ಹೊಯ್ದವು. ಆದರೆ ಅವುಗಳ ಕೆಳಗಿನ ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂ ಎರಕ. ಎಂಜಿನ್ನಿನ ಒಟ್ಟು ತೂಕ ಸುಮಾರು 230 ಕಿಲೋ. ಇವತ್ತಿನ ಲೆಕ್ಕದಲ್ಲಿ ಒಂದು ಅಶ್ವಶಕ್ತಿಗೆ ಆರೂವರೆ ಕಿಲೋ ಅಂದರೆ ಭಾರವೇ. ಆಗಿನ ಮಟ್ಟಿಗೆ ಅದು ಹಗುರ. 1901ರ ಮಾರ್ಚ್‌ನ ನೀಸ್ ರೇಸ್ ವಾರದಲ್ಲಿ ಈ ಕಾರು ಎದುರಾಳಿಗಳನ್ನು ಹಿಂದೆ ಹಾಕಿತು.

ಗೆಲುವಿಗೆ ಅಲ್ಯೂಮಿನಿಯಂ ಒಂದೇ ಕಾರಣ ಅಂತ ಹೇಳುವುದು ಸರಿಯಲ್ಲ. ತಗ್ಗಾದ ಚೌಕಟ್ಟು, ಜೇನುಗೂಡಿನ ರೇಡಿಯೇಟರು ಇವೂ ಇದ್ದವು. ಆದರೆ ಸಿಲಿಂಡರು ಬೀಡಿನದು, ಕೇಸು ಅಲ್ಯೂಮಿನಿಯಂದು ಎಂಬ ಹಂಚಿಕೆ ಒಳ್ಳೆಯ ಕಾರುಗಳಲ್ಲಿ ಹರಡಿಕೊಂಡಿತು. ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್‌ನಲ್ಲೂ ಹೀಗೆಯೇ. ಮೂರು ಮೂರು ಸಿಲಿಂಡರುಗಳ ಎರಡು ಬೀಡಿನ ಗುಂಪು, ಅಡಿಯಲ್ಲಿ ಅಲ್ಯೂಮಿನಿಯಂ ಕೇಸು. ಎಷ್ಟೋ ದಶಕದ ನಂತರ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ 250 ಬೈಕುಗಳಲ್ಲೂ ಇದೇ ಹಂಚಿಕೆ. ಹಳೆಯ ಜಾವಾ ಇಟ್ಟುಕೊಂಡವರು ಬೋರ್ ಮಾಡಿಸಲು ಕೊಂಡೊಯ್ಯುವ ಬ್ಯಾರೆಲ್, ಅಂದರೆ ಸಿಲಿಂಡರು, ಬೀಡಿನದು, ಪಾಲಿಶ್ ಹಾಕಿ ಹೊಳೆಸುವ ಕೇಸು ಅಲ್ಯೂಮಿನಿಯಂದು.

## ಶುದ್ಧ ಅಲ್ಯೂಮಿನಿಯಂ ಯಾಕೆ ಆಗದು?

ಶುದ್ಧ ಅಲ್ಯೂಮಿನಿಯಂ ತುಂಬಾ ಮೆತ್ತಗೆ. ಬೋಲ್ಟು ಬಿಗಿದರೆ ಮರೆಯೇ (ಥ್ರೆಡ್) ಕಿತ್ತು ಬರುತ್ತದೆ. ಅದಕ್ಕೆ ಬೇರೆ ಲೋಹ ಬೆರೆಸಿ ಗಟ್ಟಿ ಮಾಡಬೇಕು. ಆರಂಭದ ದಿನಗಳಲ್ಲಿ ಹೆಚ್ಚಾಗಿ ಬೆರೆಸುತ್ತಿದ್ದದ್ದು ತಾಮ್ರ ಅಥವಾ ಸತು. ಅಮೆರಿಕದ ಫೌಂಡ್ರಿಗಳಲ್ಲಿ 92 ಪಾಲು ಅಲ್ಯೂಮಿನಿಯಂಗೆ 8 ಪಾಲು ತಾಮ್ರ ಎಂಬುದು ಬಹಳ ಬಳಕೆಯಲ್ಲಿದ್ದ ಅಳತೆ.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಅದು ಕಾರಿನದಲ್ಲ, ಆದರೆ ಕಾರಿನ ಎಂಜಿನ್ನಿನ ಮಾದರಿಯಲ್ಲೇ ಮಾಡಿದ್ದು. ರೈಟ್ ಸಹೋದರರಿಗೆ ವಿಮಾನಕ್ಕೆ ಬೇಕಾದಷ್ಟು ಹಗುರವಾದ ಎಂಜಿನ್ ಯಾವ ಕಾರು ಕಂಪನಿಯಿಂದಲೂ ಸಿಗಲಿಲ್ಲ. ಕೊನೆಗೆ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು ಆರು ವಾರದಲ್ಲಿ ಒಂದನ್ನು ಮಾಡಿಕೊಟ್ಟರು. ಕ್ರ್ಯಾಂಕ್‌ಕೇಸನ್ನು ಡೇಟನ್ ಊರಿನ ಫೌಂಡ್ರಿಯಲ್ಲಿ ತಾಮ್ರ ಬೆರೆತ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಸಿದರು. 1903ರ ಫೆಬ್ರವರಿಯಲ್ಲಿ ಪರೀಕ್ಷೆ ಮಾಡುವಾಗ ಬೇರಿಂಗು ಹಿಡಿದುಕೊಂಡು ಆ ಕೇಸು ಒಡೆಯಿತು. ಇನ್ನೊಂದು ಎರಕ ಬರುವವರೆಗೆ ಎರಡು ತಿಂಗಳು ಕಾಯಬೇಕಾಯಿತು. ಅದೇ ವರ್ಷ ಡಿಸೆಂಬರ್ 17ರಂದು ಹಾರಿದ್ದು ಈ ಎರಡನೆಯ ಎರಕದೊಂದಿಗೆ. ಸುಮಾರು 12 ಅಶ್ವಶಕ್ತಿ, ತೂಕ ಸುಮಾರು 80 ಕಿಲೋ.

ಆ ಕೇಸಿನ ಒಂದು ಚೂರನ್ನು ಪರೀಕ್ಷಿಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಲೋಹದೊಳಗೆ ತಾಮ್ರ ಹೆಚ್ಚಿರುವ ಅತಿ ಸಣ್ಣ ಕಣಗಳು ಒತ್ತಾಗಿ ಹರಡಿಕೊಂಡಿದ್ದವು. ಲೋಹ ಬಾಗುವುದೆಂದರೆ ಅದರೊಳಗಿನ ಪದರಗಳು ಒಂದರ ಮೇಲೊಂದು ಜಾರುವುದು. ಈ ಕಣಗಳು ಆ ಜಾರುವಿಕೆಗೆ ಅಡ್ಡ ನಿಲ್ಲುತ್ತವೆ. ಇದೇ ಗಟ್ಟಿತನದ ಗುಟ್ಟು. ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಈ ರೀತಿ ಗಟ್ಟಿಯಾಗುವುದನ್ನು ಗಮನಿಸಿದ್ದು ಡೇಟನ್ನಿನ ಎರಕಕ್ಕಿಂತ ಕೆಲವು ವರ್ಷ ಆಮೇಲೆ. ಅಂದರೆ ಡೇಟನ್ನಿನ ಫೌಂಡ್ರಿಯವರಿಗೆ ಯಾವ ಸಿದ್ಧಾಂತವೂ ಗೊತ್ತಿರಲಿಲ್ಲ. ಎರಕ ನಿಧಾನವಾಗಿ ತಣಿಯುವಾಗ ಆ ಕೆಲಸ ತಾನಾಗಿಯೇ ಆಗಿತ್ತು. ನನಗಂತೂ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾಗುವ ಸಂಗತಿ ಇದು.

## ಫೌಂಡ್ರಿಯೊಳಗಿನ ಕಷ್ಟ

ಮರಳಿನ ಅಚ್ಚು ಮಾಡುವ ರೀತಿ ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ಒಂದೇ. ಮರದಲ್ಲಿ ಭಾಗದ ಮಾದರಿ ಕೆತ್ತುತ್ತಾರೆ. ಅದರ ಸುತ್ತ ಒದ್ದೆ ಮರಳು ತುಂಬಿ ಒತ್ತುತ್ತಾರೆ. ಮಾದರಿ ತೆಗೆದರೆ ಅದರ ಆಕಾರದ ಖಾಲಿ ಜಾಗ ಉಳಿಯುತ್ತದೆ. ಎರಕದ ಒಳಗೆ ಟೊಳ್ಳು ಬೇಕಾದ ಕಡೆ ಗಟ್ಟಿ ಮರಳಿನ ತಿರುಳು ಕೂರಿಸುತ್ತಾರೆ. ಅದಕ್ಕೆ ಕೋರ್ ಎನ್ನುತ್ತಾರೆ. ಇಲ್ಲಿಯವರೆಗೆ ಏನೂ ಸಮಸ್ಯೆ ಇಲ್ಲ. ಲೋಹ ಸುರಿದ ಮೇಲೆ ಸಮಸ್ಯೆ ಶುರು.

ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಬೀಡಿಗೆ ಸುಮಾರು 1,150 ಡಿಗ್ರಿ ಬೇಕು. ಕರಗಿಸುವುದು ಸುಲಭ ಎಂದಾಯಿತು. ಆದರೆ ಗಟ್ಟಿಯಾಗುವಾಗ ಅಲ್ಯೂಮಿನಿಯಂ ಗಾತ್ರದಲ್ಲಿ ನೂರಕ್ಕೆ ಸುಮಾರು ಆರರಷ್ಟು ಕುಗ್ಗುತ್ತದೆ. ಬೀಡು ಹಾಗಲ್ಲ. ಗಟ್ಟಿಯಾಗುವಾಗ ಅದರೊಳಗೆ ಗ್ರಾಫೈಟ್ ಹುಟ್ಟಿ ಹಿಗ್ಗುತ್ತದೆ, ಕುಗ್ಗಿದ ಜಾಗವನ್ನು ತುಂಬುತ್ತದೆ. ಅಲ್ಯೂಮಿನಿಯಂಗೆ ಆ ಅನುಕೂಲ ಇಲ್ಲ. ತೆಳು ಗೋಡೆ ಬೇಗ ಗಟ್ಟಿಯಾಗುತ್ತದೆ, ಪಕ್ಕದ ದಪ್ಪ ಗುಬ್ಬಿ ಇನ್ನೂ ದ್ರವವಾಗಿರುತ್ತದೆ. ಅದು ಕುಗ್ಗುವಾಗ ಹೊಸ ಲೋಹ ಬಂದು ಸೇರಲು ದಾರಿ ಇರದಿದ್ದರೆ ಒಳಗೆ ಪೊಳ್ಳು ಬೀಳುತ್ತದೆ. ಇಲ್ಲವೇ ಬಿಸಿಯಾಗಿರುವಾಗಲೇ ಬಿರುಕು ಬಿಡುತ್ತದೆ. ಇದನ್ನು ತಡೆಯಲು ದಪ್ಪ ಜಾಗದ ಮೇಲೆ ಹೆಚ್ಚುವರಿ ಲೋಹದ ಗುಡ್ಡೆ ಇಡುತ್ತಾರೆ. ಅದು ಕೊನೆಗೆ ಗಟ್ಟಿಯಾಗಿ, ಕೆಳಗಿನ ಎರಕಕ್ಕೆ ಲೋಹ ಉಣಿಸುತ್ತದೆ. ಆಮೇಲೆ ಅದನ್ನು ಕತ್ತರಿಸಿ ಹಾಕುತ್ತಾರೆ. ಬೇಗ ತಣಿಯಬೇಕಾದ ಕಡೆ ಅಚ್ಚಿನಲ್ಲೇ ಕಬ್ಬಿಣದ ತುಂಡು ಹುದುಗಿಸುತ್ತಾರೆ.

ಇನ್ನೊಂದು ಕಾಟ ಹೈಡ್ರೋಜನ್. ಕರಗಿದ ಅಲ್ಯೂಮಿನಿಯಂ ಗಾಳಿಯ ತೇವದಿಂದ, ಒದ್ದೆ ಮರಳಿನಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಅದನ್ನು ಹಿಡಿದಿಟ್ಟುಕೊಳ್ಳಲಾರದು. ಅನಿಲ ಹೊರಬರಲು ಹೋಗಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಾಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಎರಕ ಅಂದವಾಗಿಯೇ ಕಾಣುತ್ತದೆ. ಎಂಜಿನ್ ಜೋಡಿಸಿ ಎಣ್ಣೆ ತುಂಬಿದ ಮೇಲೆ ಗೋಡೆಯಿಂದ ಎಣ್ಣೆ ಬೆವರಿನಂತೆ ಜಿನುಗಲು ಶುರುವಾಗುತ್ತದೆ.

ಇದರ ಮೇಲೆ ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ಆಕ್ಸೈಡ್ ಪೊರೆ ಕಟ್ಟುತ್ತದೆ. ಲೋಹವನ್ನು ಧಡಕ್ಕನೆ ಸುರಿದರೆ ಆ ಪೊರೆ ಮಡಚಿಕೊಂಡು ಒಳಗೆ ಸೇರಿ ಬಿರುಕಿನಂತೆಯೇ ಕೆಲಸ ಮಾಡುತ್ತದೆ. ಸಮಾಧಾನವಾಗಿ, ಕದಡದಂತೆ ಸುರಿಯುವುದೇ ಇದಕ್ಕಿರುವ ಔಷಧ. ಕಬ್ಬಿಣದ ಎರಕದಲ್ಲಿ ಪಳಗಿದ ಕೈಗಳು ಇದನ್ನೆಲ್ಲ ಹೊಸದಾಗಿ ಕಲಿಯಬೇಕಾಯಿತು.

## ಪಿಸ್ಟನ್: ಕರಗಿ ಹೋಗುವುದಿಲ್ಲವೇ?

ಕ್ರ್ಯಾಂಕ್‌ಕೇಸಿನಲ್ಲಿ ತೂಕ ಉಳಿಸಿದರೆ ಕಾರು ಹಗುರವಾಗುತ್ತದೆ. ಪಿಸ್ಟನ್ನಿನಲ್ಲಿ ಉಳಿಸಿದರೆ ಎಂಜಿನ್ನಿನ ಸ್ವಭಾವವೇ ಬದಲಾಗುತ್ತದೆ.

ಪಿಸ್ಟನ್ ಪ್ರತಿ ಸುತ್ತಿಗೆ ಎರಡು ಸಲ ಪೂರ್ತಿ ನಿಂತು ಹಿಂದಿರುಗಬೇಕು. ನಿಮಿಷಕ್ಕೆ 2,000 ಸುತ್ತು ಎಂದರೆ 4,000 ಸಲ ನಿಲ್ಲಬೇಕು. ಹಾಗೆ ನಿಲ್ಲಿಸಿ ಎಳೆಯುವ ಬಲವೆಲ್ಲ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಮತ್ತು ಬೇರಿಂಗುಗಳ ಮೇಲೆ ಬೀಳುತ್ತದೆ. ವೇಗ ಎರಡು ಪಟ್ಟಾದರೆ ಆ ಬಲ ನಾಲ್ಕು ಪಟ್ಟಾಗುತ್ತದೆ. ಬೀಡಿನ ಪಿಸ್ಟನ್ ಇದ್ದ ಎಂಜಿನ್ ನಿಧಾನವಾಗಿ ತಿರುಗಬೇಕಾಗಿದ್ದಕ್ಕೆ ಇದೊಂದು ಮುಖ್ಯ ಕಾರಣ.

1913ರಲ್ಲಿ ಡಬ್ಲ್ಯೂ. ಓ. ಬೆಂಟ್ಲಿ ಎಂಬ ಇಂಗ್ಲಿಷ್ ತರುಣ ಪ್ಯಾರಿಸ್ ಹತ್ತಿರದ ಡಿಎಫ್‌ಪಿ ಕಾರ್ಖಾನೆಗೆ ಹೋಗಿದ್ದರು. ಆ ಕಂಪನಿಯ ಕಾರುಗಳನ್ನು ಅವರು ಲಂಡನ್ನಿನಲ್ಲಿ ಮಾರುತ್ತಿದ್ದರು. ಅಲ್ಲಿನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಪುಟ್ಟ ಪಿಸ್ಟನ್ ಆಕಾರದ ವಸ್ತು ಕಣ್ಣಿಗೆ ಬಿತ್ತು. ಅದು ಅಲ್ಯೂಮಿನಿಯಂದು. ನಿಜವಾದ ಪಿಸ್ಟನ್ನನ್ನೇ ಹೀಗೆ ಯಾಕೆ ಮಾಡಬಾರದು ಎಂದು ಅವರಿಗೆ ಹೊಳೆಯಿತು. 88 ಪಾಲು ಅಲ್ಯೂಮಿನಿಯಂ, 12 ಪಾಲು ತಾಮ್ರದ ಪಿಸ್ಟನ್ ಎರಕ ಹೊಯ್ಸಿ ತಮ್ಮ ಡಿಎಫ್‌ಪಿ ಕಾರಿಗೆ ಹಾಕಿಸಿದರು. ಎಂಜಿನ್ ಮೊದಲಿಗಿಂತ ಜೋರಾಗಿ ತಿರುಗಿತು. 1914ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಆ ಕಾರು ತನ್ನ ವರ್ಗದ ದಾಖಲೆಗಳನ್ನು ಮುರಿಯಿತು.

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರುತ್ತದೆ. ಸಿಲಿಂಡರಿನೊಳಗೆ ಉರಿ 2,000 ಡಿಗ್ರಿ ದಾಟುತ್ತದೆ. 660 ಡಿಗ್ರಿಗೆ ಕರಗುವ ಲೋಹ ಅಲ್ಲಿ ಉಳಿಯುವುದು ಹೇಗೆ?

ಅಡುಗೆಮನೆಯಲ್ಲೇ ಉತ್ತರ ಇದೆ. ಬೀಡಿನ ದೋಸೆ ಹಂಚು ಕಾಯಲು ಹೊತ್ತು ಬೇಕು, ಬೆಂಕಿ ತಾಗುವ ನಡುಭಾಗ ಅಂಚಿಗಿಂತ ಬಹಳ ಜಾಸ್ತಿ ಕಾಯುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಸಿ ಸರಸರನೆ ಎಲ್ಲ ಕಡೆ ಹರಡುತ್ತದೆ. ಪಿಸ್ಟನ್ನಿನಲ್ಲೂ ಹಾಗೆಯೇ. ಉರಿಯ ಝಳ ಒಂದು ಕ್ಷಣದ ಭಾಗದಷ್ಟು ಹೊತ್ತು ಮಾತ್ರ ಇರುತ್ತದೆ. ಆ ಬಿಸಿಯನ್ನು ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಮೂರು ಪಟ್ಟು ಚುರುಕಾಗಿ ಸಾಗಿಸುತ್ತದೆ. ರಿಂಗುಗಳ ಮೂಲಕ ಅದು ಸಿಲಿಂಡರ್ ಗೋಡೆಗೆ, ಅಲ್ಲಿಂದ ನೀರಿಗೆ ಹೋಗುತ್ತದೆ. ಹಾಗಾಗಿ ಪಿಸ್ಟನ್ ತಲೆ ಕರಗುವ ಮಟ್ಟದಿಂದ ಬಹಳ ಕೆಳಗೇ ಉಳಿಯುತ್ತದೆ. ಅದೇ ಜಾಗದಲ್ಲಿ ಬೀಡಿನ ಪಿಸ್ಟನ್ ಇನ್ನೂ ಹೆಚ್ಚು ಬಿಸಿಯಾಗುತ್ತಿತ್ತು. ತಲೆ ತಣ್ಣಗಿದ್ದರೆ ಮಿಶ್ರಣ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳುವ ಭಯ ಕಡಿಮೆ. ಆಗ ಮಿಶ್ರಣವನ್ನು ಇನ್ನಷ್ಟು ಅದುಮಬಹುದು. ಅಷ್ಟೇ ಪೆಟ್ರೋಲಿಗೆ ಹೆಚ್ಚು ಶಕ್ತಿ ಸಿಗುತ್ತದೆ.

ಮೊದಲ ಮಹಾಯುದ್ಧ ಶುರುವಾದಾಗ ಬೆಂಟ್ಲಿ ಈ ವಿಷಯವನ್ನು ಬ್ರಿಟಿಷ್ ನೌಕಾಪಡೆಗೆ ತಿಳಿಸಿದರು. ಅಲ್ಲಿಂದ ಅದು ರೋಲ್ಸ್-ರಾಯ್ಸ್ ಮತ್ತು ಸನ್‌ಬೀಮ್ ವಿಮಾನ ಎಂಜಿನ್ನುಗಳಿಗೆ ಹೋಯಿತು.

ಒಂದು ಕೊರತೆ ಉಳಿದೇ ಇತ್ತು. ಬಿಸಿಯಾದಾಗ ಅಲ್ಯೂಮಿನಿಯಂ ಬೀಡಿನ ಎರಡರಷ್ಟು ಹಿಗ್ಗುತ್ತದೆ. 80 ಮಿಲಿಮೀಟರ್ ಅಗಲದ ಪಿಸ್ಟನ್ 200 ಡಿಗ್ರಿ ಬಿಸಿಯಾದರೆ ಬೀಡು ಸುಮಾರು 0.18 ಮಿಲಿಮೀಟರ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು 0.37. ಸಿಲಿಂಡರು ಬೀಡಿನದೇ ಆದ್ದರಿಂದ ಅದು ಅಷ್ಟು ಹಿಗ್ಗುವುದಿಲ್ಲ. ಪಿಸ್ಟನ್ ಹಿಡಿದುಕೊಳ್ಳದಿರಲಿ ಎಂದು ಮೊದಲೇ ಸಡಿಲ ಬಿಟ್ಟರೆ, ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಕ ಟಕ ಸದ್ದು. ಇದಕ್ಕೆ ಪಿಸ್ಟನ್ನಿನ ಕೆಳಭಾಗವನ್ನು ಸೀಳಿ ಹಿಗ್ಗಲು ಜಾಗ ಬಿಟ್ಟರು. 1920ರ ದಶಕದಲ್ಲಿ ಅದರೊಳಗೆ ಇನ್ವಾರ್ ಎಂಬ, ಹಿಗ್ಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಹಿಗ್ಗುವ ಉಕ್ಕಿನ ಪಟ್ಟಿ ಕೂರಿಸಿ ಎರಕ ಹೊಯ್ದರು.

## ಕೊನೆಯ ಕೋಟೆ, ಸಿಲಿಂಡರು

ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಓಡಿಸಿದರೆ ಎರಡೂ ಕೆರೆದುಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಹೊರಗೆ ಅಲ್ಯೂಮಿನಿಯಂ, ಉಜ್ಜುವ ಕಡೆ ಮಾತ್ರ ಉಕ್ಕು ಅಥವಾ ಬೀಡಿನ ತೋಳು ಎಂಬ ರಾಜಿ ಬಂತು. ಇವತ್ತಿಗೂ ಗ್ಯಾರೇಜಿನಲ್ಲಿ ಲೈನರ್, ಸ್ಲೀವ್ ಎನ್ನುವುದು ಇದನ್ನೇ.

ಇದನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದವರು ಹಿಸ್ಪಾನೊ-ಸ್ವಿಜಾ ಕಂಪನಿಯ ಸ್ವಿಸ್ ಎಂಜಿನಿಯರ್ ಮಾರ್ಕ್ ಬಿರ್ಕಿಗ್ಟ್. 1915ರ ಅವರ ವಿ8 ವಿಮಾನ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿನ ಒಂದೊಂದು ಸಾಲೂ ಒಂದೇ ಅಲ್ಯೂಮಿನಿಯಂ ಎರಕ, ನೀರಿನ ದಾರಿಯೂ ಅದರೊಳಗೇ. ಉಕ್ಕಿನ ತೋಳುಗಳಿಗೆ ಹೊರಗಡೆ ಮರೆ ಕೊರೆದು ಆ ಎರಕದೊಳಗೆ ಸ್ಕ್ರೂನಂತೆ ತಿರುಗಿಸಿ ಕೂರಿಸಿದರು. ಮರೆಯ ಉದ್ದಕ್ಕೂ ಎರಡು ಲೋಹ ತಾಗಿರುವುದರಿಂದ ಬಿಸಿ ಸಲೀಸಾಗಿ ದಾಟುತ್ತದೆ. ಯುದ್ಧ ಮುಗಿದ ಮೇಲೆ, 1919ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಎಚ್6 ಕಾರು ಇದೇ ಜ್ಞಾನವನ್ನು ರಸ್ತೆಗೆ ತಂದಿತು.

ಎರಕದ ಲೋಹವೂ ಆ ಹೊತ್ತಿಗೆ ಸುಧಾರಿಸಿತು. ನೂರಕ್ಕೆ 12ರಷ್ಟು ಸಿಲಿಕಾನ್ ಬೆರೆಸಿದರೆ ಅಲ್ಯೂಮಿನಿಯಂ ಅಚ್ಚಿನಲ್ಲಿ ನೀರಿನಂತೆ ಹರಿಯುತ್ತದೆ, ಕುಗ್ಗುವುದೂ ಹಿಗ್ಗುವುದೂ ಕಡಿಮೆ. ಆದರೆ ಸಿಲಿಕಾನ್ ಉದ್ದುದ್ದ ಸೂಜಿಗಳಾಗಿ ಕೂತು ಲೋಹವನ್ನು ಪೆಡಸು ಮಾಡುತ್ತಿತ್ತು. ಅಲದಾರ್ ಪಾಚ್ ಎಂಬುವರು ಇದಕ್ಕೆ ಉಪಾಯ ಕಂಡುಕೊಂಡು 1921ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಕರಗಿದ ಲೋಹಕ್ಕೆ ಸೋಡಿಯಂ ಲವಣ ಸೇರಿಸಿದರೆ ಸೂಜಿಗಳ ಬದಲು ನವಿರಾದ ಎಳೆಗಳು ಮೂಡುತ್ತವೆ. ಇವತ್ತಿನ ಎಂಜಿನ್ ಹೆಡ್ಡು, ಅಲಾಯ್ ವೀಲುಗಳ ಲೋಹ ಇದೇ ಸಿಲಿಕಾನ್ ಕುಟುಂಬದ್ದು.

## ಸಾಮಾನ್ಯರ ಕಾರು, ಹಳೆಯ ಎರಕ

ಇಷ್ಟೆಲ್ಲ ಆದರೂ ಜನಸಾಮಾನ್ಯರ ಕಾರಿನ ಬ್ಲಾಕು, ಅಂದರೆ ಸಿಲಿಂಡರುಗಳೆಲ್ಲ ಇರುವ ಎರಕ, ಬಹಳ ಕಾಲ ಬೀಡಿನದಾಗಿಯೇ ಉಳಿಯಿತು. 1908ರಿಂದ 1927ರವರೆಗೆ ಒಂದೂವರೆ ಕೋಟಿ ದಾಟಿ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ನಾಲ್ಕೂ ಸಿಲಿಂಡರು ಒಂದೇ ಬೀಡಿನ ಎರಕ, ಪಿಸ್ಟನ್ನೂ ಬೀಡಿನದೇ. ಅದರ ನಂತರದ ಮಾಡೆಲ್ ಎ ಕಾರಿಗೆ ಅಲ್ಯೂಮಿನಿಯಂ ಪಿಸ್ಟನ್ ಬಂತು, ಬ್ಲಾಕು ಬದಲಾಗಲಿಲ್ಲ. ಕಾರಣ ಬೆಲೆ. ಬೀಡಿನ ಬ್ಲಾಕಿಗೆ ಲೈನರ್ ಬೇಡ, ಬೋರ್ ಕೊರೆದರೆ ಕೆಲಸ ಮುಗಿಯಿತು.

ಹಗುರ ಲೋಹದ ಆ ಮೊದಲ ಎರಕಗಳು ಈಗ ನೂರು ವರ್ಷ ದಾಟಿವೆ. ಅವನ್ನು ರಿಪೇರಿ ಮಾಡುವವರಿಗೆ ಹಳೆಯ ಫೌಂಡ್ರಿಯ ಕಷ್ಟಗಳು ಇನ್ನೂ ಕಾಣಸಿಗುತ್ತವೆ. ಬಿರುಕು ಬಿಟ್ಟ ಕ್ರ್ಯಾಂಕ್‌ಕೇಸಿಗೆ ಸುಮ್ನೆ ಆರ್ಗನ್ ವೆಲ್ಡಿಂಗ್ ಹಿಡಿದರೆ, ಸೂಜಿ ರಂಧ್ರಗಳಲ್ಲಿ ಇಂಗಿ ಕೂತಿದ್ದ ಎಣ್ಣೆ ಗುಳ್ಳೆಗಳಾಗಿ ಉಕ್ಕಿ ಬೆಸುಗೆ ಹಾಳಾಗುತ್ತದೆ. ತಾಮ್ರ, ಸತು ಹೆಚ್ಚಿರುವ ಹಳೆಯ ಮಿಶ್ರಣವಾದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಮೂಡುತ್ತದೆ. ಹಾಗಾಗಿ ಮೊದಲು ಎರಕವನ್ನು ತೊಳೆದು, ಒಲೆಯಲ್ಲಿಟ್ಟು ನಿಧಾನವಾಗಿ ಕಾಯಿಸಿ ಎಣ್ಣೆಯನ್ನು ಹೊರಗೆ ಬರಿಸುತ್ತಾರೆ. ಆಮೇಲೆ ಬಿಸಿಯಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ಬೆಸೆದು, ಅಷ್ಟೇ ನಿಧಾನವಾಗಿ ತಣಿಯಲು ಬಿಡುತ್ತಾರೆ.